ಡಾಕ್ಟರು ‘ಈಗ’ ಎಂದರೇ?

ಡಾಕ್ಟರು ಆ ದಿನ ‘ಈಗ’ ಎಂಬ ಪದ ಬಳಸಿದರೋ ಇಲ್ಲವೋ, ನನಗೆ ಇವತ್ತಿಗೂ ಖಚಿತವಿಲ್ಲ. ‘ಈಗ ಆಪರೇಷನ್ ಮಾಡೋ ಹಾಗಿಲ್ಲ’ ಎಂದರು ಅಂತ ನನ್ನ ನೆನಪು. ‘ಆಪರೇಷನ್ ಮಾಡೋ ಹಾಗಿಲ್ಲ’ ಎಂದರು, ಅಷ್ಟೇ, ಅಂತ ನನ್ನ ಹೆಂಡತಿಯ ನೆನಪು. ಇಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಅವಳು ಕುರ್ಚಿಯಲ್ಲಿ ಕೂತಿದ್ದಳು, ನಾನು ಕೂತಿರಲಿಲ್ಲ. ಕೆಟ್ಟ ಸುದ್ದಿ ಬರುತ್ತದೆ ಅನ್ನಿಸಿದರೆ ನನಗೆ ಒಂದೆಡೆ ಇರಲಾಗುವುದಿಲ್ಲ. ಕಿಟಕಿಯ ಹತ್ತಿರ ಹೋಗುತ್ತೇನೆ, ಬಾಗಿಲು ತೆರೆದು ಹೊರಗಿನ ಬೆಂಚು ನೋಡುತ್ತೇನೆ, ಮತ್ತೆ ಒಳಗೆ ಬರುತ್ತೇನೆ. ಆ ಪದ ನಾನು ಒಳಗೆ ಬಂದಾಗ ಕಿವಿಗೆ ಬಿದ್ದಿರಬಹುದು. ಅಥವಾ ಯಾರೂ ಆಡದ್ದನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು.

ಅದಕ್ಕೆ ಮೊದಲು ನಡೆದದ್ದರ ಬಗ್ಗೆ ಇಷ್ಟು ಅನುಮಾನವಿಲ್ಲ. ಹೆಂಡತಿಯ ಎಡ ಸ್ತನ ಕೆಲವೇ ವಾರಗಳಲ್ಲಿ ಕೆಂಪಾಗಿ ಊದಿಕೊಂಡಿತು. ಮುಟ್ಟಿದರೆ ಬಿಸಿ. ಗಂಟಿರಲಿಲ್ಲ, ಹಾಗಾಗಿ ಯಾರಿಗೂ ಆ ಕಾಯಿಲೆಯ ಹೆಸರು ಹೊಳೆಯಲಿಲ್ಲ. ಹೊಸಪೇಟೆಯ ನಮ್ಮ ಬೀದಿಯ ಡಾಕ್ಟರು ಬಾವು ಎಂದು ಮಾತ್ರೆ ಕೊಟ್ಟರು. ಕಂಪ್ಲಿಯಿಂದ ಬಂದ ಅತ್ತೆ ಒಂದೇ ನೋಟಕ್ಕೆ ಸರ್ಪಸುತ್ತು ಎಂದರು. ಸಂಡೂರು ಕಡೆಯಿಂದ ತರಿಸಿದ ಕೆಮ್ಮಣ್ಣು ಕಲಸಿ, ಸರ್ಪ ಮುಂದೆ ಹರಿಯದಿರಲಿ ಎಂದು ಕೆಂಪಿನ ಸುತ್ತ ಹೆಡೆ ಬರೆದರು. ನಾನು ತೋರಣಗಲ್ಲಿನ ಕಾರ್ಖಾನೆಯ ಲ್ಯಾಬಿನಲ್ಲಿ ದಿನವೂ ಅಂಥ ಮಣ್ಣನ್ನೇ ಪರೀಕ್ಷಿಸುವವನು.

“ಅದರಾಗ ಇರೋದು ಕಬ್ಬಿಣ, ಅತ್ತಿ. ಔಷಧ ಅಲ್ಲ,” ಎಂದೆ.

“ಕಬ್ಬಿಣ ಇದ್ರ ಚಲೋನೇ ಆತು ಬಿಡ್ರಿ ಅಳಿಯಂದ್ರ. ಹಾವು ಕಚ್ಚಾಕ ಬಂದ್ರ ಅದರ ಹಲ್ಲೇ ಮುರೀತೈತಿ.”

ಹೆಂಡತಿ ನಕ್ಕಳು. ನಕ್ಕಳೆಂದೇ ನೆನಪು.

ಊತ ಮಾತ್ರೆಗೂ ಬಗ್ಗಲಿಲ್ಲ, ಮಣ್ಣಿಗೂ ಬಗ್ಗಲಿಲ್ಲ. ಚರ್ಮ ದಪ್ಪವಾಗಿ, ಮೋಸಂಬಿ ಸಿಪ್ಪೆಯಂತೆ ಸಣ್ಣ ಸಣ್ಣ ಕುಳಿ ಬಿದ್ದ ಮೇಲೆ, ಸೋಮವಾರಗಳಂದು ಊರಿಗೆ ಬರುವ ಕ್ಯಾನ್ಸರ್ ಡಾಕ್ಟರಿಗೆ ತೋರಿಸಿದೆವು. ಅವರು ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಹೇಳಿದ್ದು ಇದು: ಬಾವಿನಂತೆ ಕಾಣುವ ಸ್ತನ ಕ್ಯಾನ್ಸರ್, ಬೇಗ ಹಬ್ಬುವಂಥದ್ದು, ಮುಂದಿನ ಸೋಮವಾರವೇ ಕೀಮೋ ಶುರುವಾಗಬೇಕು. ಆಮೇಲೆ ಆ ಮಾತು.

ಡಾಕ್ಟರು ಮೈಸೂರು ಕಡೆಯವರು. ಅವರ ‘ಮಾಡೋ ಹಾಗಿಲ್ಲ’ ನಮ್ಮಲ್ಲಿ ‘ಮಾಡಂಗಿಲ್ಲ’ ಆಗುತ್ತದೆ. ಹೆಂಡತಿ ಆ ಮಾತನ್ನು ಚಿಕ್ಕಂದಿನಲ್ಲೇ ಕೇಳಿದ್ದಳು. ಅವಳ ದೊಡ್ಡಪ್ಪನನ್ನು ಆಸ್ಪತ್ರೆಗೆ ಒಯ್ದಾಗ ‘ಆಪರೇಷನ್ ಮಾಡಂಗಿಲ್ಲ, ಮನಿಗೆ ಕರ್ಕೊಂಡು ಹೋಗ್ರಿ’ ಎಂದಿದ್ದರಂತೆ. ಮನೆಗೆ ತಂದ ಮೇಲೆ ಅವರು ಹೆಚ್ಚು ದಿನ ಉಳಿಯಲಿಲ್ಲ.

ವಾರದ ಕೊನೆಯಲ್ಲಿ ನಾನು ಶಿಫ್ಟ್ ಮುಗಿಸಿ ಬಂದರೆ ಮನೆಗೆ ಬೀಗ. ಪಕ್ಕದ ಮನೆಯಾಕೆ ಕೀಲಿ ಕೊಟ್ಟು, “ಕಂಪ್ಲಿಗೆ ಹೋದ್ರು,” ಎಂದಳು.

ಭಾನುವಾರ ನಾನೂ ಕಂಪ್ಲಿ ಬಸ್ ಹಿಡಿದೆ. ಕಮಲಾಪುರದಲ್ಲಿ ಹಂಪಿ ನೋಡಿ ಬಂದ ಹುಡುಗಿಯರ ಗುಂಪು ಹತ್ತಿತು. ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ಆ ಗದ್ದಲದಲ್ಲೇ ನಾನು ಡಾಕ್ಟರ ದನಿಯಲ್ಲಿ ‘ಈಗ’ ಎಂಬುದನ್ನು ಮತ್ತೆ ಮತ್ತೆ ಕೇಳಿಸಿಕೊಳ್ಳಲು ಹೆಣಗುತ್ತಿದ್ದೆ. ಒಮ್ಮೆ ಸ್ಪಷ್ಟವಾಗಿ ಕೇಳುತ್ತಿತ್ತು. ಇನ್ನೊಮ್ಮೆ ನೋಡಿದರೆ ಅದು ನನ್ನದೇ ದನಿ.

ಹೆಂಡತಿ ತಾಯಿಯ ಸಡಿಲ ರವಿಕೆ ತೊಟ್ಟು ತವರಿನ ಪಡಸಾಲೆಯಲ್ಲಿ ಮೆಂತೆಸೊಪ್ಪು ಬಿಡಿಸುತ್ತಿದ್ದಳು. ಊತದಿಂದಾಗಿ ಅವಳ ರವಿಕೆಗಳು ಆಗಲೇ ಬಿಗಿಯಾಗಿದ್ದವು.

“ಬರ್ರಿ ಅಳಿಯಂದ್ರ, ಕುಂದ್ರಿ,” ಎಂದರು ಅತ್ತೆ. “ನಿಮಗ ಕುಂದ್ರಾಕ ಬಂದ್ರ ಆತಲ್ಲ. ಡಾಕ್ಟರ್ ಮುಂದನೂ ಅಡ್ಡಾಡ್ತಿದ್ರಂತ.”

“ನಾಳಿ ಹೋಗಬೇಕು,” ಎಂದೆ ಹೆಂಡತಿಗೆ.

“ಕೈ ಬಿಟ್ಟೋರಿಗೆ ಸೂಜಿ ಯಾಕ್ರಿ? ಕೂದ್ಲಾ ಉದುರಿಸ್ಕೊಂಡು, ವಾಂತಿ ಮಾಡ್ಕೊಂಡು ಸಾಯೋದು ಬ್ಯಾಡ. ಇಲ್ಲೇ ಅವ್ವನ ಹತ್ರ ಇರ್ತೀನಿ.”

“ಕೈ ಬಿಟ್ಟಿಲ್ಲ. ಈಗ ಮಾಡಂಗಿಲ್ಲ ಅಂದ್ರು. ಈಗ.”

“ಖರೇನ ಕೇಳೀರಿ?”

ಹೌದು ಎಂದುಬಿಟ್ಟಿದ್ದರೆ ಅವಳು ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದಳೇನೋ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಕೇಳಿದಂಗ ಐತಿ. ಖರೇನೋ ಏನೋ ಗೊತ್ತಿಲ್ಲ.”

ಅತ್ತೆ ಹಣೆ ಬಡಿದುಕೊಂಡರು. “ಹೌದು ಅಂದಿದ್ರ ಇವರ ಗಂಟೇನು ಹೋಗ್ತಿತ್ತು!”

ಹೆಂಡತಿ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. “ಹೆಣ್ಣು ನೋಡಾಕ ಬಂದಾಗ, ಹುಡುಗಿ ಒಪ್ಪಿಗಿ ಏನಪಾ ಅಂದ್ರ, ಇನ್ನೂ ಗೊತ್ತಿಲ್ಲ ಅಂದಿದ್ದ ಮನಿಷ್ಯಾ ಇದು, ಅವ್ವ,” ಎಂದಳು. ಹಾಗೆ ಅಂದದ್ದು ನನಗೆ ನೆನಪಿಲ್ಲ. ಕೈಯಲ್ಲಿದ್ದ ಕಟ್ಟು ಬಿಡಿಸಿ ಮುಗಿಸಿ ನನ್ನ ಕಡೆ ತಿರುಗಿದಳು. “ನಾಳಿ ಬರ್ತೀನಿ. ಕೇಳಾಕ ಅಷ್ಟ. ಸೂಜಿಗಲ್ಲ.”

ಸೋಮವಾರ ಡಾಕ್ಟರ ಮುಂದೆ ನಾನೂ ಕೂತೆ. ಏಳದಂತೆ ಅವಳು ನನ್ನ ಅಂಗಿಯ ತೋಳು ಹಿಡಿದುಕೊಂಡಿದ್ದಳು.

“ಸರ, ಅವತ್ತು ಆಪರೇಷನ್ ಮಾಡಂಗಿಲ್ಲ ಅಂದ್ರಿ. ಈಗ ಮಾಡಂಗಿಲ್ಲ ಅಂದ್ರೋ, ಯಾವಾಗ್ಲೂ ಮಾಡಂಗಿಲ್ಲ ಅಂದ್ರೋ?”

“ಯಾವ ಪದ ಆಡಿದೆ ಅಂತ ನನಗೂ ನೆನಪಿಲ್ಲಮ್ಮ,” ಎಂದರು ಡಾಕ್ಟರು. “ಇದು ಚರ್ಮಕ್ಕೆಲ್ಲ ಹರಡಿದೆ. ಮೊದಲು ಔಷಧ ಕೊಟ್ಟು ಅದನ್ನ ಇಳಿಸಬೇಕು. ಆಪರೇಷನ್ ಆಮೇಲೆ. ಕೈ ಬಿಟ್ಟಿದ್ರೆ ಇವತ್ತು ಯಾಕೆ ಬರೋಕೆ ಹೇಳ್ತಿದ್ದೆ?”

“ವಾಸಿ ಆಗ್ತೈತೇನ್ರಿ?”

“ಅದನ್ನ ಈಗ ಹೇಳೋಕಾಗಲ್ಲ,” ಎಂದರು.

ಆ ‘ಈಗ’ ಇಬ್ಬರಿಗೂ ಕೇಳಿಸಿತು. ಅವಳು ನನ್ನ ತೋಳು ಬಿಟ್ಟು, ನರ್ಸಿನ ಹಿಂದೆ ಒಳಗೆ ಹೋಗಿ, ಬಲಗೈ ಚಾಚಿದಳು.

ಔಷಧ ಹನಿಯುತ್ತಿದ್ದಷ್ಟು ಹೊತ್ತೂ ನಾನು ವರಾಂಡದಲ್ಲಿ ಅಡ್ಡಾಡಿದೆ. ಡಾಕ್ಟರು ನಮ್ಮ ಸಮಾಧಾನಕ್ಕೆಂದು ಹಾಗೆ ಹೇಳಿದರೇ ಎಂಬ ಹೊಸ ಅನುಮಾನ ಆಗಲೇ ಹುಟ್ಟಿತ್ತು. ಕೆಲವು ದಿನಗಳ ನಂತರ ವರದಿ ಹಿಡಿದು ಬೇರೆ ಊರಿನ ಇನ್ನೊಬ್ಬ ಕ್ಯಾನ್ಸರ್ ಡಾಕ್ಟರ ಬಳಿ ಹೋದೆ. ನಮ್ಮ ಡಾಕ್ಟರು ಹೇಳಿದ್ದನ್ನು ಬಾಯಿ ಬಿಡದೆ, ಏನು ಮಾಡಬೇಕು ಎಂದಷ್ಟೇ ಕೇಳಿದೆ. ಈ ಬಗೆಯ ಕ್ಯಾನ್ಸರಿಗೆ ಮೊದಲು ಔಷಧ, ಆಪರೇಷನ್ ಆಮೇಲೆ ಎಂದು ಅವರೂ ಹೇಳಿದರು.