ಗಿಡ್ಡವಾದ ಕೋಲು

ಹದಿನಾಲ್ಕು ವರ್ಷ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಆಗಿದ್ದು, ಮೂವತ್ತೊಂಬತ್ತರಲ್ಲಿ ರಜೆ ಹಾಕಿ ಎಂಎಸ್ಸಿಗೆ ಸೇರಿದವಳು ಸ್ಕೊಲಾಸ್ಟಿಕಾ. ಮೊರೊಗೊರೊ ಊರಿನ ವಿಶ್ವವಿದ್ಯಾಲಯದ ಆ ತರಗತಿಯಲ್ಲಿ ಎಲ್ಲರೂ ಅವಳನ್ನು ಅಮ್ಮ ಎಂದೇ ಕರೆಯುತ್ತಿದ್ದರು. ಪ್ರಬಂಧ ಒಪ್ಪಿಸಲು ಇನ್ನು ಒಂಬತ್ತೇ ದಿನ. ಅವಳಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಕಾರಣ ಕೇಳಿದವರು ನಕ್ಕಾರು: ಫಲಿತಾಂಶ ತೀರಾ ಚೆನ್ನಾಗಿ ಬಂದಿತ್ತು.

ಉಲುಗುರು ಬೆಟ್ಟದಲ್ಲಿ ಹತ್ತು ವರ್ಷದ ಹಿಂದೆ ಯಾರೋ ನಂಬರು ಹೊಡೆದು ಅಳೆದಿದ್ದ ಆರುನೂರು ಮರಗಳನ್ನೇ ಅವಳು ಮತ್ತೆ ಅಳೆದಿದ್ದಳು. ಎಷ್ಟು ದಪ್ಪವಾಗಿವೆ ಎಂಬುದಷ್ಟೇ ಪ್ರಶ್ನೆ. ನೆಲದಿಂದ ಒಂದು ಮೀಟರ್ ಮೂವತ್ತು ಸೆಂಟಿಮೀಟರ್ ಎತ್ತರದಲ್ಲೇ ಟೇಪು ಸುತ್ತಬೇಕು. ಹಳೆಯ ಬಣ್ಣದ ಗುರುತು ಪಾಚಿಯಲ್ಲಿ ಅಳಿಸಿಹೋಗಿದ್ದರಿಂದ ಅಷ್ಟುದ್ದದ ಕೋಲನ್ನು ಬುಡಕ್ಕೆ ನಿಲ್ಲಿಸಿ ಎತ್ತರ ಗುರುತಿಸುವುದೊಂದೇ ಗತಿ. ಲೆಕ್ಕ ಹಾಕಿದರೆ ಕಾಡು ಭರ್ಜರಿಯಾಗಿ ಬೆಳೆದಿತ್ತು. ಪ್ರೊಫೆಸರ್ ಬೆನ್ನು ತಟ್ಟಿದರು. ಇಲಾಖೆಯವರು ಬಡ್ತಿಯ ಮಾತೆತ್ತಿದರು.

ಕಾಡು ತಿರುಗಿ ಸವೆದ ಕಾಲು ಅವಳದು. ಮರಗಳು ಅಷ್ಟು ಬೇಗ ಮೈ ತುಂಬಿಕೊಂಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ತಡೆಯಲಾರದೆ ವ್ಯಾನು ಹತ್ತಿ ಬೆಟ್ಟದೂರಿಗೆ ಹೋದಳು. ಐದು ತಿಂಗಳು ಅವಳ ಜೊತೆ ಅಲೆದಿದ್ದ ಮುದುಕ ಕುನಾಂಬಿಯ ಮನೆಯ ಗೋಡೆಗೆ ಕೋಲು ಒರಗಿಕೊಂಡಿತ್ತು. ಟೇಪು ಹಿಡಿದಳು. ಒಂದು ಮೀಟರ್ ಇಪ್ಪತ್ತೊಂದು.

"ಅಜ್ಜಾ, ಇದ್ಯಾಕೆ ಗಿಡ್ಡ ಆಗಿದೆ?"

"ಆಗದೆ ಇನ್ನೇನು? ಆ ಜಾರೋ ಇಳಿಜಾರಲ್ಲಿ ಊರಿಕೊಂಡೇ ಹತ್ಬೇಕಲ್ಲ. ತುದಿ ಮೊಂಡಾದಾಗೆಲ್ಲ ನಾನೇ ಮಚ್ಚಲ್ಲಿ ಚೂಪು ಮಾಡ್ತಿದ್ದೆ. ಶಭಾಷ್ ಅಂದೋಳು ನೀನೇ, ಮರೆತ್ಯಾ?"

ಅಂದಿದ್ದು ನಿಜ. ಕೋಲು ಗಿಡ್ಡವಾದಷ್ಟೂ ಟೇಪು ಕೆಳಗಿಳಿಯುತ್ತದೆ, ಕೆಳಗಿಳಿದಷ್ಟೂ ಕಾಂಡ ದಪ್ಪ. ಯಾವ ಮರದ ಹೊತ್ತಿಗೆ ಎಷ್ಟು ಸವೆದಿತ್ತೋ ದೇವರಿಗೇ ಗೊತ್ತು.

"ಕಾಡು ಬೆಳೆದಿದೆ ಅಂದ್ಯಲ್ಲ, ಚರ್ಚಿನ ಮುಂದೆ ನಿಂತು ಎಲ್ರಿಗೂ ಹೇಳ್ದೆ ಮಗಳೇ. ನಮ್ಮೂರವ್ರು ಮರಗಳ್ಳರು ಅಂತಿದ್ದೋರ ಬಾಯಿ ಮುಚ್ತು ನೋಡು!" ಎಂದು ಮುದುಕ ನಕ್ಕ. ಅವಳಿಗೆ ಅಳು ಬಂತು.

ಕೋಲನ್ನು ಒಲೆಗೆ ಹಾಕಿದರೆ ಯಾರಿಗೂ ತಿಳಿಯದು. ಮರುದಿನ ಪ್ರೊಫೆಸರರ ಬಾಗಿಲ ತನಕ ಹೋಗಿ ಮೂರು ಸಲ ಹಿಂದಿರುಗಿದಳು. ನಾಲ್ಕನೆಯ ಸಲ ಒಳಗೆ ನುಗ್ಗಿ ಒಂದೇ ಉಸಿರಿಗೆ ಹೇಳಿಬಿಟ್ಟಳು.

"ಕೋಲು ಯಾರ ಕೈಲಿತ್ತು?" ಎಂದು ಅವರು ಕೇಳಿದರು.

"ತಪ್ಪು ನಂದೇ ಸಾರ್. ಒಂದು ಸಲಾನೂ ಅಳೆದು ನೋಡ್ಲಿಲ್ಲ."

"ಆರುನೂರನ್ನೂ ಮತ್ತೆ ಅಳೀಬೇಕಾಗುತ್ತಲ್ಲಮ್ಮಾ."

"ಅಳೀತೀನಿ."

ಪ್ರಬಂಧ ಮುಂದಕ್ಕೆ ಹೋಯಿತು. ಇಲಾಖೆ ಸಂಬಳವಿಲ್ಲದ ರಜೆ ಕೊಟ್ಟಿತು, ಬಡ್ತಿಯ ಮಾತು ನಿಂತಿತು. ಈ ಸಲ ಅವಳು ಕಬ್ಬಿಣದ ಸರಳು ತಂದಳು. ನಡೆದದ್ದನ್ನೆಲ್ಲ ಹೇಳಿದ ಮೇಲೆ ಕುನಾಂಬಿ ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಮೂರನೆಯ ಬೆಳಿಗ್ಗೆ ತಾನೇ ಬಂದು ಸರಳು ಹೊತ್ತುಕೊಂಡ.

ಒಂದನೇ ನಂಬರಿನ ಮರ. ಮುದುಕ ಸರಳನ್ನು ನೆಟ್ಟಗೆ ಹಿಡಿದ, ಅವಳು ಟೇಪು ಸುತ್ತಿ ಎರಡು ಸಲ ಓದಿದಳು.

"ಬೆಳೆದಿದ್ಯಾ, ಇಲ್ವಾ? ಬೇಗ ಹೇಳು."

"ಬೆಳೆದಿದೆ ಅಜ್ಜಾ. ಹತ್ತು ವರ್ಷಕ್ಕೆ ಬರೀ ಒಂದು ಬೆರಳಗಲ."

ಮುದುಕ ತನ್ನ ಬೆರಳನ್ನು ತೊಗಟೆಗೆ ಒತ್ತಿ ನೋಡಿದ.

"ಸರಿ. ಭಾನುವಾರ ಚರ್ಚಿನ ಮುಂದೆ ಇದನ್ನೂ ನಾನೇ ಹೇಳ್ಬೇಕು" ಎಂದು ಸರಳೆತ್ತಿಕೊಂಡು ಎರಡನೇ ಮರದತ್ತ ನಡೆದ.