ದೀಪಕ್ಕಿಟ್ಟ ಬೊಟ್ಟು

ಖಾರಘರದಲ್ಲಿ ಪ್ರೇಮನಾಥರ ಜೊತೆ ಲೋಕಲ್ ರೈಲು ಹತ್ತಿದವರಿಗೆ ತುರ್ಭೆ ಬರುವುದರೊಳಗೆ ಝೆನಾನ್ ದೀಪದ ಮೇಲೆ ಒಂದು ಭಾಷಣ ಖಂಡಿತ. ಹಾಲಿನ ಪುಡಿಯಲ್ಲಿರುವ ವಿಟಮಿನ್ ಒಂದು ಬಣ್ಣದ ಬೆಳಕು ನುಂಗಿ ಇನ್ನೊಂದು ಬಣ್ಣದಲ್ಲಿ ಹೊಳೆಯುತ್ತದೆ. ಆ ಹೊಳಪನ್ನು ಯಂತ್ರದಲ್ಲಿ ಅಳೆದರೆ ವಿಟಮಿನ್ ಎಷ್ಟೆಂದು ತಿಳಿಯುತ್ತದೆ. ಬೆಳಕು ಕೊಡುವ ದೀಪವೇ ನಡುಗಿದರೆ ಲೆಕ್ಕವೂ ನಡುಗುತ್ತದೆ. ಇಷ್ಟು ಹೇಳಲು ಅವರಿಗೆ ನಾಲ್ಕೈದು ಸ್ಟೇಷನ್ ಬೇಕು.

ತುರ್ಭೆಯ ಒಂದು ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಅವರು ಹಿರಿಯ ಅನಲಿಸ್ಟ್, ಉಡುಪಿ ಕಡೆಯವರು. ಕಂಪನಿ ವರ್ತಕ ನಗರದಲ್ಲಿ ದೊಡ್ಡ ಲ್ಯಾಬ್ ತೆರೆಯುವುದರಲ್ಲಿತ್ತು. ಅದರ ಮುಖ್ಯಸ್ಥನ ಕುರ್ಚಿ ತನ್ನದೇ ಎಂದು ಅವರು ಹೆಂಡತಿಗೂ ಬಿಲ್ಡಿಂಗಿನ ವಾಚ್‌ಮನ್‌ಗೂ ಹೇಳಿಯಾಗಿತ್ತು. ಕಂಪನಿ ಒಪ್ಪುವುದೊಂದು ಬಾಕಿ.

ಅವರ ಕೈಕೆಳಗೆ ರಮಿತಾ, ಇಲ್ಲೇ ಹುಟ್ಟಿ ಬೆಳೆದು ಹಿಂದಿ ಬೆರೆಸಿ ಕನ್ನಡ ಮಾತಾಡುವ ಹುಡುಗಿ. ಒಮ್ಮೆ ಬಾಯಿ ತಪ್ಪಿ ಕೇಳಿದಳು: "ಸರ್, ಅಭೀ ಎಲ್‌ಇಡಿ ಮಷೀನ್ ಬಂದಿದೆ ನಾ? ಜ್ಯಾದಾ ಗರಮ್ ಆಗಲ್ಲ, ಆನ್ ಮಾಡಿದ್ರೆ ರೆಡಿ."

"ಎಲ್‌ಇಡಿಗೆ ಬರುವುದು ಒಂದೇ ಬಣ್ಣ ಮಾರಾಯ್ತಿ. ಝೆನಾನಿನಲ್ಲಿ ಎಲ್ಲ ಬಣ್ಣವೂ ಉಂಟು, ಬೇಕಾದ್ದು ಆರಿಸಿಕೊಳ್ಳುವುದು. ಗೊತ್ತುಂಟಾ ನಿಂಗೆ?"

ಅವಳಿಗೆ ಗೊತ್ತಿತ್ತು. ಇಲ್ಲಿಯ ಕೆಲಸಕ್ಕೆ ಒಂದೇ ಬಣ್ಣ ಸಾಕೆಂಬುದೂ ಗೊತ್ತಿತ್ತು.

ಯಂತ್ರದ ಮೇಲೆ ಪ್ರೇಮನಾಥರೇ ಬರೆದ ಬೋರ್ಡು: ದೀಪದ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಮಾತು ಸರಿಯೇ. ಒಳಗೆ ಅನಿಲವನ್ನು ಒತ್ತಿ ತುಂಬಿರುತ್ತಾರೆ, ಉರಿಯುವಾಗ ಒತ್ತಡ ಇನ್ನೂ ಏರುತ್ತದೆ, ಬೆರಳಿನ ಜಿಡ್ಡು ಸುಟ್ಟುಕೊಂಡ ಕಡೆ ಗಾಜು ಸೋತು ಸಿಡಿಯಬಹುದು. ಹೋದ ವರ್ಷ ಹೀಗೊಂದು ಬೆರಳಚ್ಚು ಕಂಡದ್ದಕ್ಕೆ ಎಲ್ಲರೆದುರು ರಮಿತಾಳ ಕಣ್ಣಲ್ಲಿ ನೀರು ಬರಿಸಿದ್ದರು. ಸ್ಪಿರಿಟ್ ಹಾಕಿ ಒರೆಸಿದ್ದರೆ ಹೋಗುತ್ತಿತ್ತು. ಅಷ್ಟಕ್ಕೆ ಬಿಡುವ ಆಸಾಮಿಯಲ್ಲ.

ಆಯುಧಪೂಜೆಗೆ ಸರಿಯಾಗಿ ಹೊಸ ದೀಪ ಬಂತು. ಲ್ಯಾಬಿನ ತಕ್ಕಡಿಗೆ, ಸೆಂಟ್ರಿಫ್ಯೂಜಿಗೆ, ಫ್ರಿಜ್ಜಿಗೆ ಹೂವಿಟ್ಟು ಬೊಟ್ಟಿಟ್ಟು, ಪ್ರೇಮನಾಥರು ಗ್ಲೌಸ್ ಹಾಕಿಕೊಂಡು ದೀಪವನ್ನು ಪೆಟ್ಟಿಗೆಯಿಂದ ತೆಗೆದರು. ಶಿಸ್ತೆಂದರೆ ಶಿಸ್ತು. ಆಮೇಲೆ ಅದೇ ಗ್ಲೌಸಿನ ಬೆರಳನ್ನು ಎಣ್ಣೆಯಲ್ಲಿ ಕಲಸಿದ ಕುಂಕುಮಕ್ಕೆ ಅದ್ದಿ, ಗಾಜಿನ ಹೊಟ್ಟೆಗೆ ದುಂಡಗೆ ಬೊಟ್ಟಿಟ್ಟು, ದೀಪವನ್ನು ಯಂತ್ರದೊಳಗೆ ಕೂರಿಸಿ ಕೈಮುಗಿದರು.

"ಸರ್, ವೋ ಗ್ಲಾಸ್ ಪೇ..." ಎಂದಳು ರಮಿತಾ.

"ದೇವರ ಕೆಲಸಕ್ಕೆ ಅಡ್ಡ ಬಾಯಿ ಹಾಕಬಾರದು."

ಎರಡೇ ದಿನಕ್ಕೆ ಅಂಕಿಗಳು ಮೇಲೆ ಕೆಳಗೆ ಕುಣಿಯತೊಡಗಿದವು. ಅವರು ತುರ್ಭೆಯ ಕರೆಂಟನ್ನು ಬೈದರು.

ಮರುವಾರ ವಿಮಲಾ ಮೇಡಂ ಬಂದರು, ಬೆಂಗಳೂರಿನವರು. ವರ್ತಕ ನಗರದ ಕುರ್ಚಿ ಯಾರಿಗೆಂದು ತೀರ್ಮಾನಿಸುವವರು ಅವರೇ. ಪ್ರೇಮನಾಥರು ದೀಪ ಸ್ಥಿರವಾಗಲೆಂದು ಅರ್ಧ ಗಂಟೆ ಮೊದಲೇ ಹಚ್ಚಿಟ್ಟು, ಬೋರ್ಡಿನತ್ತ ಕೈ ತೋರಿಸಿ, "ಒಂದು ಬೆರಳು ತಾಗಿದರೆ ಸಾಕು ಮೇಡಂ" ಎಂದು ಶುರುಮಾಡಿದ್ದರಷ್ಟೆ, ಒಳಗೆ ಢಮ್ ಎಂದಿತು. ದೀಪದ ಸುತ್ತಲಿನ ಉಕ್ಕಿನ ಕವಚ ಗಟ್ಟಿಯಿತ್ತು, ಯಾರಿಗೂ ಏನಾಗಲಿಲ್ಲ. ಒಳಗಿನ ಕನ್ನಡಿ ಮಾತ್ರ ಪುಡಿಪುಡಿ.

"ಯಾರೋ ಬರಿಗೈಯಲ್ಲಿ ಮುಟ್ಟಿದ್ದಾರೆ" ಎಂದು ಪ್ರೇಮನಾಥರು ರಮಿತಾಳತ್ತ ತಿರುಗಿದರು. ನಾಚಿಕೆ ಎಂಬುದು ಆ ಮನುಷ್ಯನ ಹತ್ತಿರ ಸುಳಿಯಲಿಲ್ಲ.

ಎಲ್ಲ ಆರಿದ ಮೇಲೆ ವಿಮಲಾ ಚಿಮಟದಲ್ಲಿ ಗಾಜಿನ ಚೂರೊಂದನ್ನು ಎತ್ತಿದರು. ಅದರ ಮೇಲೆ ಸುಟ್ಟು ಕಪ್ಪಾದ ಕಲೆಯಿತ್ತು. "ಬೆರಳಚ್ಚು ಇಷ್ಟು ದುಂಡಗಿರಲ್ಲ" ಎಂದರು. ಅವರ ಕಣ್ಣು ತಕ್ಕಡಿಯ ಮೇಲೆ ಹೋಯಿತು, ಅಲ್ಲಿಂದ ಸೆಂಟ್ರಿಫ್ಯೂಜಿಗೆ, ಅಲ್ಲಿಂದ ಫ್ರಿಜ್ಜಿಗೆ. ಎಲ್ಲದರ ಮೇಲೂ ಅದೇ ಅಳತೆಯ ಬೊಟ್ಟು.

"ದೀಪಕ್ಕೂ ಇಟ್ರಾ?"

"ಗ್ಲೌಸ್ ಹಾಕಿಕೊಂಡೇ ಇಟ್ಟದ್ದು ಮೇಡಂ" ಎಂದರು ಪ್ರೇಮನಾಥರು. ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು.

ವಿಮಲಾ ಚೂರನ್ನು ಮೇಜಿನ ಮೇಲಿಟ್ಟರು. "ರಮಿತಾ, ವರ್ತಕ ನಗರಕ್ಕೆ ಎಲ್‌ಇಡಿ ಮಷೀನ್ ತಗೋಬೇಕು. ನೋಡ್ಕೊಳ್ಳೋರೂ ಬೇಕು. ಬನ್ನಿ, ಮಾತಾಡೋಣ." ಇಬ್ಬರೂ ಹೊರಗೆ ಹೋದರು.

ಪ್ರೇಮನಾಥರು ಕೂತು ಕನ್ನಡಿಯ ಪುಡಿ ಬಳಿದು ತೆಗೆದರು. ಗ್ಲೌಸ್ ಹಾಕಿಕೊಂಡೇ.