ಶುಕ್ರವಾರದ ಬೂದಿ

ಹೋದ ವಾರ ಒಬ್ಬ ಹೆಂಗಸು ನನ್ನನ್ನು ಗದ್ದೆಯ ಬದುವಿನ ಮೇಲೆ ನಿಲ್ಲಿಸಿ ಬೈದಳು. ಆಳುಗಳೆಲ್ಲರ ಎದುರು. ನಾನು ಆಕೆಗೆ ಕೈ ಮುಗಿದು ಬಂದೆ.

ಹುಚ್ಚು ಹಿಡಿಯಿತೇ ಮಾಸ್ತರಿಗೆ ಅನ್ನಬೇಡಿ. ಪೂರ್ತಿ ಕೇಳಿ.

ರಾರಾವಿಯಲ್ಲಿ ನಮ್ಮ ಅಕ್ಕನ ಮನೆ. ಹೊಳೆ ದಂಡೆಗೆ ಭತ್ತದ ಗದ್ದೆ. ನೀರೆತ್ತುವ ಕಪಿಲೆಯ ಎತ್ತುಗಳಿಗೆ ಕಾಲುಬೇನೆ ಬಂದು ಮಲಗಿದ್ದವು. ಭತ್ತವೋ, ತೆನೆ ಹೊರಡುವ ಹೊತ್ತು. ಆಗ ನೀರು ತಪ್ಪಿದರೆ ವರ್ಷದ ಅನ್ನವೆಲ್ಲ ಜೊಳ್ಳು. "ಬಳ್ಳಾರಿಯಿಂದ ಸ್ಟೀಮ್ ಇಂಜಿನ್ ತರಿಸೋಣ" ಎಂದವನು ನಾನೇ. (ಇಂಜಿನ್ ಅಂದರೆ ರೈಲು ಎಂದಷ್ಟೇ ತಿಳಿದ ಊರಿನಲ್ಲಿ ಹೀಗೆ ಹೇಳುವುದಕ್ಕೂ ಒಂದು ಗತ್ತು ಬೇಕು ನೋಡಿ!) ಬಾಡಿಗೆಯ ಇಂಜಿನ್ನು ಬಂತು. ದಾರಿಯಲ್ಲಿ ಮೋಕದ ಕಪ್ಪು ಮಣ್ಣಿನಲ್ಲಿ ಅದರ ಗಾಲಿ ಹೂತು, ಎಂಟು ಜೋಡಿ ಎತ್ತು ಕಟ್ಟಿ ಎಳೆಸಬೇಕಾಯಿತು. ಜೊತೆಗೆ ಬಂದ ಡ್ರೈವರ್ ಮೊದಲ ದಿನವೇ ಜ್ವರ ಹಿಡಿದು ವಾಪಸಾದ. ನನಗೆ ಸಾಲೆಗೆ ರಜೆ. ಇಂಜಿನ್ ನಡೆಸುವ ಬಗೆ ಹೇಳುವ ಇಂಗ್ಲಿಷಿನ ಪುಸ್ತಿಕೆಯೊಂದು ಕೈಯಲ್ಲಿತ್ತು. ಸಾಕಲ್ಲ?

ಅಕ್ಕ ಇಂಜಿನ್ನಿಗೆ ಅರಿಸಿನ ಕುಂಕುಮ ಹಚ್ಚಿ, ಲಕ್ಷ್ಮಿ ಎಂದು ಹೆಸರಿಟ್ಟಳು. ಲಕ್ಷ್ಮಿ ಅಂದಮೇಲೆ ಮಡಿ ಇರಬೇಡವೇ? ನಮ್ಮ ಮನೆಗಳಲ್ಲಿ ಮಂಗಳವಾರ, ಶುಕ್ರವಾರ, ಅಮಾವಾಸ್ಯೆಗೆ ಒಲೆಯ ಬೂದಿ ಹೊರಗೆ ಹಾಕುವುದಿಲ್ಲ. ಅದೇ ಪದ್ಧತಿ ಇಂಜಿನ್ನಿಗೂ ಬಂತು. ಮಂಗಳವಾರ ಬೇಡ. ಬುಧವಾರ ಅಮಾವಾಸ್ಯೆ, ಬೇಡವೇ ಬೇಡ. ಗುರುವಾರ ನಾನೇ ಮರೆತೆ. ಅಷ್ಟರಲ್ಲಿ ಶುಕ್ರವಾರ.

ಶುಕ್ರವಾರ ಮಧ್ಯಾಹ್ನ ಇಂಜಿನ್ನು ಏದುಸಿರು ಬಿಡತೊಡಗಿತು. ನಾನು ಕಟ್ಟಿಗೆ ತುರುಕಿದೆ. ಹೊಗೆ ಬಂತು, ಉಗಿ ಬರಲಿಲ್ಲ. ಇನ್ನಷ್ಟು ತುರುಕಿದೆ. ಮಂಗಳವಾರದವರೆಗೆ ಬರಬೇಕಾದ ಕಟ್ಟಿಗೆ ನಾಳೆ ಸಂಜೆಗೇ ಮುಗಿಯುವಂತಿತ್ತು. ಸಿರುಗುಪ್ಪದಿಂದ ಕಟ್ಟಿಗೆ ತರಲು ಭಾವ ಹೋಗಿದ್ದರು. ಅವರ ಗಾಡಿ ಮಂಗಳವಾರಕ್ಕಿಂತ ಮೊದಲು ಬರುವ ಹಾಗಿರಲಿಲ್ಲ. ನಡುವಿನ ಎರಡು ದಿನ ಗದ್ದೆಗೆ ಯಾರು ನೀರು ಕೊಡಬೇಕು? ಅಕ್ಕ ಬದುವಿನ ಮೇಲೆ ಕೂತು ಭತ್ತವನ್ನೇ ನೋಡುತ್ತಿದ್ದಳು. ನನಗೆ ಮುಖವೆತ್ತಿ ಅವಳನ್ನು ನೋಡುವ ಧೈರ್ಯವಿರಲಿಲ್ಲ.

ಆಗ ಬಂದವಳು ಹುಲಿಗೆವ್ವ. ಗದ್ದೆಯಲ್ಲಿ ನೀರು ತಿರುಗಿಸುವ ಆಳು. ಬೇಸಿಗೆಯಲ್ಲಿ ಕುರುಗೋಡಿನ ಕಡೆ ಬೆಲ್ಲದ ಗಾಣಗಳಲ್ಲಿ ಒಲೆ ಉರಿಸುವುದು ಅವಳ ಕೆಲಸ. ಮೇಲೆ ಹೊಗೆ ನೋಡಿದಳು, ಕೆಳಗೆ ನನ್ನನ್ನು ನೋಡಿದಳು.

"ಏನ್ ಮಾಡಾಕ ಹತ್ತೀರಿ ಮಾಸ್ತರ? ಕಟಿಗಿ ಎಲ್ಲಾ ಹೊಗಿಯಾಗಿ ಹೊಂಟೈತಲ್ರಿ! ನಿಮ್ಮ ತಲಿ ಮ್ಯಾಲೆ ಒಂದ್ ಹೊರಿಯರ ಹೊತ್ತು ತಂದೀರೇನು?"

ಬಗ್ಗಿ ಕೆಳಗಿನ ಬಾಗಿಲು ತೆಗೆದಳು. ಉರಿಯ ಕೆಳಗಿನ ಕಬ್ಬಿಣದ ಸರಳುಗಳವರೆಗೆ ಬೂದಿ ಗಟ್ಟಿಯಾಗಿ ತುಂಬಿತ್ತು. ಗಾಳಿ ಹೋಗಲು ಬೆರಳಷ್ಟೂ ಸಂದಿಲ್ಲ. ಬೆಂಕಿಗೆ ಗಾಳಿ ಬೇಕು ಎಂದು ವರ್ಷ ವರ್ಷ ಹುಡುಗರಿಗೆ ಬಾಯಿಪಾಠ ಮಾಡಿಸುವವನು ನಾನು!

"ತಗೀರಿ ಇದನ್ನ."

"ಇವತ್ತು ಶುಕ್ರವಾರ" ಎಂದಳು ಅಕ್ಕ. "ಲಕ್ಷ್ಮೀನ್ನ ಹೊರಗ ಹಾಕ್ತೀರೇನು?"

ಹುಲಿಗೆವ್ವ ಸೊಂಟಕ್ಕೆ ಕೈಯಿಟ್ಟಳು. "ಲಕ್ಷ್ಮಿ ಬೂದ್ಯಾಗ ಇಲ್ರಿ ಅವ್ವಾರ. ಗದ್ದ್ಯಾಗ ನಿಂತಾಳ. ನೀರಡಿಸ್ಯಾಳ."

ಅಕ್ಕ ಮತ್ತೊಮ್ಮೆ ಭತ್ತದ ಕಡೆ ನೋಡಿದಳು. ಆಮೇಲೆ ಎದ್ದು, ತಾನೇ ಪುಟ್ಟಿ ತಂದು ಕೊಟ್ಟಳು. "ಹೊರಗ ಬ್ಯಾಡ. ನಮ್ಮ ಗದ್ದಿಗೇ ಹಾಕು. ಮನಿ ಬಿಟ್ಟು ಹೋದಂಗ ಆಗೂದಿಲ್ಲ."

ನಾನು ಅಕ್ಕನ ಕಾಲಿಗೆ ಬೀಳುವುದೊಂದು ಬಾಕಿ.

ಅಂದಿನಿಂದ ಹುಲಿಗೆವ್ವ ಮಾಸ್ತರ, ನಾನು ಆಳು. ದಪ್ಪ ಕಟ್ಟಿಗೆಯನ್ನು ಮುಂಗೈ ಗಾತ್ರಕ್ಕೆ ಸೀಳಿಸಿದಳು. ಒಮ್ಮೆಗೆ ನಾಲ್ಕೇ ತುಂಡು, ಹಾಕಿದ ಕೂಡಲೇ ಬಾಗಿಲು ಮುಚ್ಚಬೇಕು. ಗದ್ದೆಯವರು ಬುತ್ತಿ ಉಣ್ಣಲು ಹೋದಾಗಲೂ ನಾನು ಚಕ್ರ ತಿರುಗಿಸುತ್ತಲೇ ಇದ್ದೆನಲ್ಲ, ನೀರು ತಿರುಗಿ ಹೊಳೆಗೇ ಹರಿಯುತ್ತಿತ್ತು! ಅದನ್ನೂ ನಿಲ್ಲಿಸಿದಳು. "ಮಂದಿ ಉಣ್ಣೂವಾಗ ಇಂಜಿನ್ನೂ ಸುಮ್ಮನ ಕುಂದರ್ಲಿ. ಗಾಳಿ ಬಾಗಿಲ ಮುಚ್ರಿ, ಕೆಂಡ ಹಂಗ ಇರತೈತಿ." ಹೊಗೆ ತೆಳ್ಳಗಾಯಿತು. ಉಗಿ ಏರಿತು. ಮಂಗಳವಾರ ಭಾವನ ಗಾಡಿ ಬಂದಾಗ ಮೂಲೆಯಲ್ಲಿ ಇನ್ನೂ ಒಂದು ತೆಕ್ಕೆಯಷ್ಟು ಕಟ್ಟಿಗೆ ಉಳಿದಿತ್ತು. ಗದ್ದೆಯ ತುಂಬ ತೆನೆ ತಲೆ ಹಾಕಿತ್ತು.

ಬಳ್ಳಾರಿಯ ನಮ್ಮ ಮನೆಗಳಲ್ಲಿ ದಿನಾ ಬೆಳಿಗ್ಗೆ ನೀರೊಲೆಗೆ ಹೊರೆಗಟ್ಟಲೆ ಕಟ್ಟಿಗೆ ಸುರಿಯುತ್ತೇವೆ. ನೀರು ಕುದಿದು ಅರ್ಧ ಗಂಟೆಯಾದರೂ ಉರಿ ತೆಗೆಯುವುದಿಲ್ಲ. ಕಟ್ಟಿಗೆ ತರುವ ಹೆಂಗಸು ಹಿತ್ತಿಲ ಬಾಗಿಲಲ್ಲಿ ನಿಂತು ಅದನ್ನು ನೋಡಿಯೇ ಹೋಗುತ್ತಾಳೆ. ಅವಳಿಗೆ ಏನನ್ನಿಸುತ್ತದೋ ನಾವು ಯೋಚಿಸಿದ್ದುಂಟೇ? ಈಗ ನಾನು ಯೋಚಿಸುತ್ತಿದ್ದೇನೆ. ಅದು ಹುಲಿಗೆವ್ವನ ಋಣ. ಈ ವರ್ಷ ಅಕ್ಕನ ಮನೆಯಲ್ಲಿ ಬೇಯುವ ಅನ್ನವೂ ಅವಳ ಋಣವೇ.

ನಾನು ಹೊರಡುವ ದಿನ ಅಕ್ಕ ಹುಲಿಗೆವ್ವನಿಗೆ ಸೀರೆ, ಕುಬಸ, ಉಡಿ ತುಂಬ ಅಕ್ಕಿ ಕೊಟ್ಟಳು. ನನಗೆ ಒಂದು ಅನುಮಾನ ಉಳಿದಿತ್ತು. ಸೋಮವಾರ ಇಂಜಿನ್ನು ಶುರುವಾದಾಗಿನಿಂದ ಹುಲಿಗೆವ್ವ ಅಲ್ಲೇ, ಹತ್ತು ಮಾರು ದೂರದಲ್ಲಿ ನೀರು ತಿರುಗಿಸುತ್ತಿದ್ದಳು. ಹೊಗೆ ಅವತ್ತೇ ಕಂಡಿರಬೇಕು.

"ಮೊದಲನೇ ದಿನಾನೇ ಯಾಕ ಹೇಳಲಿಲ್ಲವ್ವ?" ಎಂದೆ.

ಅವಳು ಸೀರೆ ಮಡಚುತ್ತ, ತಲೆ ಎತ್ತದೆ ಅಂದಳು:

"ನೀವು ಕೇಳಿದ್ರೇನ್ರಿ?"